ನಡುವಿನ ಚಿಕ್ಕಿ

ಹನುಮಸಾಗರ
೧೮ ಫೆಬ್ರವರಿ ೧೯೪೪

ಪ್ರೀತಿಯ ಕಳಕಮ್ಮಕ್ಕನಿಗೆ ನಿಮ್ಮ ಶಿಷ್ಯೆ ಅನ್ನಮ್ಮ ಮಾಡುವ ನಮಸ್ಕಾರ.

ಕೂಸಿಗೆ ಐದು ತಿಂಗಳು ತುಂಬಿತು. ರಾತ್ರಿಯೆಲ್ಲ ಎಚ್ಚರ, ನನ್ನನ್ನೂ ಮಲಗಗೊಡುವುದಿಲ್ಲ.

ನಿಮ್ಮ ಕಾಗದ ನಿನ್ನೆ ಬಂತು. ಹೈದರಾಬಾದಿನಲ್ಲಿ ನಮಗೆ ಗಣಿತ ಕಲಿಸುತ್ತಿದ್ದ ನೀವು, ನಕ್ಷತ್ರದ ಬೆಳಕನ್ನು ಬಿಡಿಸಿ ಅದರೊಳಗೆ ಯಾವ ಲೋಹವಿದೆ ಎಂದು ಹೇಳಬಲ್ಲವರಾದಿರಿ. ಬೆಳಕು ಏರಿಳಿಯುವ ನಕ್ಷತ್ರಗಳ ವಿಷಯದಲ್ಲಿ ಈಗ ವಿಲಾಯತಿಯವರೂ ನಿಮ್ಮನ್ನೇ ಕೇಳುತ್ತಾರೆ. ಅಂಥವರು, ನನಗೆ ನೋಡಿ ಬರೆಯಲು ಹೇಳಿದ ನಕ್ಷತ್ರ ಫೆಬ್ರವರಿಯಲ್ಲಿ ಮಂಕಾಗಬೇಕೆಂಬ ನಿಮ್ಮದೇ ಲೆಕ್ಕ ಬಿಟ್ಟು, ಅದು ಜನವರಿಯಲ್ಲೇ ಮಂಕಾಯಿತೆಂದು ನಾನು ಬರೆದ ಐದು ರಾತ್ರಿಗಳಿಂದ ತಿಳಿದು ಅವನ್ನೇ ನಂಬಿದ್ದೀರಿ. ತಿಂಗಳ ಕೊನೆಗೆ ಲೇಖನ ಅಚ್ಚಿಗೆ ಹೋಗುತ್ತದಂತೆ. ಅದರಲ್ಲಿ ನನ್ನ ಹೆಸರೂ ಇರುತ್ತದಂತೆ.

ಅಕ್ಕಾ, ತಡೆಯಿರಿ.

ಹೆರಿಗೆಯಾದ ಮೇಲೆ ನನಗೆ ಇರುಳುಗಣ್ಣು ಬಂದಿದೆ. ಕತ್ತಲಾದರೆ ಅಂಗಳದಲ್ಲಿಟ್ಟ ಕೊಡವೂ ಕಾಣದೆ ಎಡವುತ್ತೇನೆ. ನೀವು ಗುರುತು ಹಾಕಿಕೊಟ್ಟ ಮೂರು ನಕ್ಷತ್ರಗಳಲ್ಲಿ ನಡುವಿನದರ ಬೆಳಕನ್ನು ಪಕ್ಕದ ಎರಡರ ಜೊತೆ ಹೋಲಿಸಿ ಬರೆಯಬೇಕಿತ್ತು. ಆ ಐದು ರಾತ್ರಿ ಮೂರೂ ಕಾಣಲಿಲ್ಲ. ನಡುವಿನದು ಕಾಣಲಿಲ್ಲ ಎಂದಷ್ಟೇ ಬರೆದೆ. ಅದೇನು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ನಕ್ಷತ್ರ ನೋಡಿ ಬರೆಯುವ ಆ ನೋಟ್‌ಬುಕ್ಕೂ ಕೈಬಿಟ್ಟರೆ ಕಾಲೇಜು ಓದಿದ ಅನ್ನಮ್ಮ ಎಲ್ಲೂ ಉಳಿಯುವುದಿಲ್ಲ ಎಂಬ ಹೆದರಿಕೆ. ಅತ್ತೆಗೂ ಹೇಳಲಿಲ್ಲ. ಕಣ್ಣು ಚೆನ್ನಾಗಿದ್ದಾಗ ಮೂರೂ ನಕ್ಷತ್ರಗಳನ್ನು ಅವರಿಗೆ ತೋರಿಸಿಕೊಟ್ಟವಳು ನಾನೇ. ದಿನವೂ ಕೂಸನ್ನು ಎತ್ತಿಕೊಂಡು ನನ್ನ ಪಕ್ಕ ನಿಲ್ಲುತ್ತಿದ್ದರು. “ಚಿಕ್ಕಿ ನೋಡಿದ್ರ ಎದಿಯಾಗ ಹಾಲು ಇಳೀತೈತೇನ ಯವ್ವಾ?” ಎಂದು ಚೇಷ್ಟೆ ಮಾಡುತ್ತಿದ್ದರು.

ನನ್ನ ಹೆಸರು ಹೊಡೆದುಹಾಕಿರಿ. ನಿಮ್ಮ ಇಷ್ಟು ವರ್ಷದ ಕೆಲಸಕ್ಕೆ ನನ್ನಿಂದ ಕಪ್ಪು ಹತ್ತುವುದು ಬೇಡ.

ಇನ್ನೂ ನಿಮ್ಮವಳೆಂದುಕೊಂಡಿರುವ
ಅನ್ನಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಅತ್ತೆ ಕೇಳಿದರು, ಅತ್ತು ಕಣ್ಣಿನ ಸಂಗತಿ ಹೇಳಿದೆ. “ಕಣ್ಣು ಕಾಣವಲ್ವು ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?” ಎಂದು ಗದರಿಸಿ ನುಗ್ಗೆಸೊಪ್ಪು ಬೇಯಿಸಿ ಉಣ್ಣಿಸಿದರು. ರಾತ್ರಿ ಕೂಸನ್ನು ನನ್ನ ಕೈಗೆ ಕೊಟ್ಟು ತಾವೇ ಅಂಗಳದಲ್ಲಿ ನಿಂತರು. ಮೂರನ್ನೂ ಹೋಲಿಸಿ ಹೇಳಿರಿ ಎಂದೆ, ನಿಮ್ಮ ಲೆಕ್ಕದ ಸುಳಿವು ಕೊಡಲಿಲ್ಲ.

“ಹ್ವಾದ ಅಮಾಸಿಗೆ ನಡುವಿಂದು ಎಡಕಿಂದಕ್ಕ ಸಮ ಇತ್ತು. ಈಗ ಬೆಳಕು ಭಾಳ ಇಳದೈತಿ. ಬಲಕಿಂದಕ್ಕಿಂತ ಒಂಚೂರು ಹೆಚ್ಚು, ಅಷ್ಟ.”

ನಿಮ್ಮ ಮೊದಲಿನ ಲೆಕ್ಕವೇ ಸರಿ, ಅಕ್ಕಾ. ಆ ಐದು ರಾತ್ರಿ ತೆಗೆದು ಇದೊಂದನ್ನು ಸೇರಿಸಿರಿ. ನೋಡಿದವರು: ಮುದಕಮ್ಮ, ನನ್ನ ಅತ್ತೆ. ಬರೆಯಲು ಬಾರದು, ಕೆಳಗೆ ಹೆಬ್ಬೆಟ್ಟು ಒತ್ತಿದ್ದಾರೆ.