ಗಜಾನನ ಭಾವನ ಎಲೆಯ ಹೋಳಿಗೆ

ಹೊನ್ನಾವರ, ೧೨ ಮೇ ೧೯೬೩

ತೀರ್ಥರೂಪ ಅಪ್ಪಯ್ಯನಿಗೆ,

ನಿಮ್ಮ ಸುಪುತ್ರನಾದ ನಾನು ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ, ಕಳೆದ ಸೋಮವಾರ ಹೊಳನಗದ್ದೆಯ ಮದುವೆಯೂಟದಲ್ಲಿ ಪಕ್ಕದ ಎಲೆಯ ಹೋಳಿಗೆ ಕದ್ದೆ. ತುಪ್ಪಸಮೇತ.

ನನ್ನ ಎಲೆ ಎಲ್ಲಿ ಮುಗಿದು ಗಜಾನನ ಭಾವನದು ಎಲ್ಲಿ ಶುರುವಾಯಿತೆಂದು ಕಾಣಲೇ ಇಲ್ಲ. ಎಂಜಲು ಕೈ ಅವನ ಎಲೆಯಲ್ಲಿ! ಪಂಕ್ತಿಯವರೆಲ್ಲ ಇತ್ತಲೇ ಬಗ್ಗಿ ನೋಡಿದರು.

“ಎಂತದೋ ಭಾವಾ, ನಿನ್ನ ಎಲೆ ಸಾಕಾಯ್ದಿಲ್ಯಾ?” ಎಂದ ಭಾವ.

“ಅಕ್ಕನ್ನೇ ನಿಂಗೆ ಕೊಟ್ಟಿದ್ಯ ಮಾರಾಯಾ. ಒಂದು ಹೋಳಿಗೆ ವಾಪಸ್ ಬಂದ್ರೆ ಎಂತಾತು?” ಎಂದೆ. ಬಡಿಸುವವರೂ ಪಾತ್ರೆ ಕೆಳಗಿಟ್ಟು ನಕ್ಕರು.

ಒಂದು ತಿಂಗಳ ಹಿಂದೆಯೇ ಕುಮಟೆಯ ಡಾಕ್ಟರು ಹೇಳಿದ್ದರು: ಕಾಚಬಿಂದು ಎಂಬ ಕಣ್ಣಿನ ರೋಗ. ಅಪ್ಪಯ್ಯ, ನಿಮಗೂ ಇದ್ದದ್ದು ಇದೇ. ನೋಟ ಅಂಚಿನಿಂದ ಸವೆಯುತ್ತದೆ. ಹೋದದ್ದು ಬರುವುದಿಲ್ಲ, ದಿನಾ ಕಣ್ಣಿಗೆ ಹನಿ ಹಾಕಿದರೆ ಉಳಿದದ್ದು ಉಳಿಯಬಹುದು.

ನೀವು ಹೋಗಿ ಆರು ವರ್ಷವಾಯಿತು. ಇದ್ದಿದ್ದರೂ ಇದನ್ನು ಓದುವುದು ನಿಮ್ಮಿಂದ ಆಗುತ್ತಿರಲಿಲ್ಲ. ಕಣ್ಣು ಮಂಕಾಗತೊಡಗಿದ ಮೇಲೆ, ಯಾವ ಊಟಕ್ಕೆ ಕರೆ ಬಂದರೂ “ಹೊಟ್ಟೆ ಸರಿ ಇಲ್ಲೆ” ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಿರಿ. ಕಾಲೇಜಿನಿಂದ ರಜೆಗೆ ಬಂದ ನಾನು, “ಅಪ್ಪಯ್ಯನ ಹೊಟ್ಟೆ ಲಗ್ನಪತ್ರಿಕೆ ಕಂಡ ಕೂಡ್ಲೇ ಕೆಡ್ತು” ಎಂದು ಮನೆಯವರನ್ನೆಲ್ಲ ನಗಿಸಿದ್ದೆ. ಗೋಡೆಯ ಕಡೆಯಿಂದ ನೀವೂ ನಕ್ಕ ಹಾಗೆ ಕೇಳಿಸಿತ್ತು.

ನಾನು ಹಾಗೆ ಮಲಗುವ ಆಸಾಮಿಯಲ್ಲ ಅಪ್ಪಯ್ಯ. ನಗುತ್ತಲೇ ಎದುರಿಸುತ್ತೇನೆಂದು ಡಾಕ್ಟರಿಗೇ ಹೇಳಿ ಬಂದಿದ್ದೇನೆ.

ನಿನ್ನೆ ಶಿರಾಲಿಯವರು ಉಪನಯನಕ್ಕೆ ಕರೆಯಲು ಬಂದರು. ನಾನು ಒಳಕೋಣೆಯಲ್ಲಿ ಮಲಗಿದ್ದೆ; ತಲೆದಿಂಬಿನ ಹತ್ತಿರ ಹನಿಯ ಬಾಟಲಿ, ಬಿರಡೆಯನ್ನೂ ತೆಗೆಯದೆ. “ಹೊಟ್ಟೆ ಸರಿ ಇಲ್ಲೆ ಹೇಳು,” ಎಂದು ನಿಮ್ಮ ಸೊಸೆಗೆ ಪಿಸುಗುಟ್ಟಿದೆ.

ಅವಳು ನಗಲಿಲ್ಲ.