ಬಲಕ್ಕೆ ಬಿದ್ದ ಹೂವು

ಭಾವಿಕೇರಿ
ಜನವರಿ ೧೮, ಶನಿವಾರ ಸಂಜೆ

ರೂಪಾಳ ಅಪ್ಪನಿಗೆ ಜಯಶ್ರೀಯ ನಮಸ್ಕಾರಗಳು.

ನಾನು, ಮಗಳು, ಅತ್ತೆ ಮೂವರೂ ಚೆನ್ನಾಗಿದ್ದೇವೆ. ನೀವೂ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀರಿ ಎಂದುಕೊಂಡಿದ್ದೇನೆ. ಹಡಗು ಎಲ್ಲಿದೆ ಎಂದು ನೀವು ಹೇಳುವಂತಿಲ್ಲ, ನಾನು ಕೇಳುವಂತಿಲ್ಲ. ದಡ ಬಿಟ್ಟ ಮೇಲೆ ನಿಮ್ಮ ಫೋನಿಗೂ ನಮ್ಮ ಅಂಗಳದ ಕಲ್ಲಿಗೂ ವ್ಯತ್ಯಾಸವಿಲ್ಲ. ಅದಕ್ಕೇ ಈ ಕಾಗದ. ನೌಕಾದಳದ ಅಂಚೆಯವರು ಕೊಟ್ಟಾಗ ಓದಿ. ಆದರೆ ಒಂದು ಷರತ್ತು. ಯಾವ ಕಾಗದ ಬಂದರೂ ಕೊನೆಯಿಂದ ಓದುವ ನಿಮ್ಮ ಚಟ ಈ ಸಲ ಬೇಡ. ನಾಳೆಯ ಆಟ ಮುಗಿಯುವ ತನಕ ನಾನು ಇದನ್ನು ಅಂಚೆಗೆ ಹಾಕುವುದಿಲ್ಲ. ಈಗ ನಾನು ಕಾಯುತ್ತಿರುವ ಹಾಗೆ ನೀವೂ ಸ್ವಲ್ಪ ಕಾಯಿರಿ.

ನಾಳೆ ಕಾರವಾರದಲ್ಲಿ ಹುಡುಗಿಯರ ಹಾಕಿ ಫೈನಲ್, ಮತ್ತು ಅದರಲ್ಲಿ ನಮ್ಮೂರಿನ ತಂಡ ಆಡುತ್ತಿದೆ. ಹೌದು, ನಮ್ಮೂರಿನದೇ. ಬತ್ತ ಕೊಯ್ದ ಗದ್ದೆಯ ಕೂಳೆಗಳ ನಡುವೆ ಚೆಂಡು ಹೊಡೆದು ಕಲಿತವರು ಫೈನಲ್ಲಿಗೆ ಬಂದಿದ್ದಾರೆ. ಆಟ ಕಲಿಸಿದ ಮಧುಕರ ಮಾಸ್ತರರಿಗೇ ಇನ್ನೂ ನಂಬಿಕೆ ಬಂದಂತಿಲ್ಲ. ಮೂರು ದಿನದಿಂದ ಗಡ್ಡ ಬೋಳಿಸುವುದನ್ನೂ ಮರೆತಿದ್ದಾರೆ. ಎದುರಾಳಿ ಯಾರೆಂದು ಕೇಳಿದರೆ ನಿಮ್ಮ ಮುಖ ಸಣ್ಣದಾಗುತ್ತದೆ. ಘಟ್ಟದ ಮೇಲಿನ ಅದೇ ಹಾಸ್ಟೆಲ್ ತಂಡ. ಕಳೆದ ವರ್ಷ ನೀವು ರಜೆಯಲ್ಲಿ ಬಂದಾಗ ನಮ್ಮ ಮೇಲೆ ಒಂಬತ್ತು ಗೋಲು ಹಾಕಿ, ಕೈ ಕುಲುಕಿ, ನಗುತ್ತ ಹೋದವರು.

ಆ ದಿನ ರೂಪಾ ಮನೆಗೆ ಬಂದು, ಗೋಲು ಕಾಯುವಾಗ ಕಾಲಿಗೆ ಕಟ್ಟಿಕೊಳ್ಳುವ ಪ್ಯಾಡುಗಳನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದು ನಿಮಗೆ ನೆನಪಿರಬೇಕು. ಮಳೆಗಾಲ ಮುಗಿಯುವವರೆಗೂ ಅವು ಅಲ್ಲೇ ಇದ್ದವು. ಒಂದರೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಮಾಸ್ತರರು ಎಷ್ಟು ಸಲ ನಮ್ಮ ಜಗಲಿ ಹತ್ತಿ ಇಳಿದರೋ, ಅಂತೂ ಅವಳು ಮತ್ತೆ ಕಟ್ಟಿಕೊಂಡಳು. ಅಲ್ಲಿಂದ ಇಲ್ಲಿಯವರೆಗೆ ಚೆನ್ನಾಗಿಯೇ ಆಡಿದ್ದಾಳೆ. ನಿನ್ನೆ ಸಂಜೆ ಎದುರಾಳಿಯ ಹೆಸರು ಕೇಳಿದ್ದೇ ಒಳಗೆ ಹೋಗಿ ಮಲಗಿದವಳು ಏಳಲೇ ಇಲ್ಲ. ನಾಳೆ ಬರುವುದಿಲ್ಲ, ಬೇರೆ ಯಾರನ್ನಾದರೂ ನಿಲ್ಲಿಸಿ, ನನ್ನಿಂದ ಊರಿನ ಮರ್ಯಾದೆ ಇನ್ನೊಮ್ಮೆ ಹೋಗುವುದು ಬೇಡ ಎಂದಳು. ಬೇರೆ ಯಾರೆಂದರೆ, ನಮ್ಮ ತಂಡದಲ್ಲಿ ಗೋಲು ಹೊಡೆಯುವ ಹೀರಾಳ ತಂಗಿ ಒಬ್ಬಳಿದ್ದಾಳೆ. ಪಾಪ, ಚೆಂಡು ಬಂದರೆ ಗೋಲಿನ ಬಲೆಯ ಹಿಂದೆ ಹೋಗಿ ನಿಲ್ಲುವ ಹುಡುಗಿ. ರೂಪಾ ಇಲ್ಲದಿದ್ದರೆ ನಾಳೆಯ ಆಟ ಇಂದೇ ಮುಗಿದಂತೆ. ಅದಕ್ಕಿಂತ ಹೆಚ್ಚಾಗಿ, ಈ ಸಲ ಪ್ಯಾಡು ಕಳಚಿಟ್ಟರೆ ಅವಳು ಮತ್ತೆಂದೂ ಅದನ್ನು ಕಟ್ಟಿಕೊಳ್ಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಊರಿನವರಿಗೆ ಇದೆಲ್ಲ ಎಲ್ಲಿ ಗೊತ್ತು? ಭರತ ಟೆಂಪೋ ತೊಳೆದು ಬಾಳೆ ಕಟ್ಟಿದ್ದಾನೆ. ಸುಗ್ಗಿಗೆ ಬಾರಿಸುವ ಗುಮಟೆಯನ್ನು ಗಂಡಸರು ಈಗಲೇ ಅಟ್ಟದಿಂದ ಇಳಿಸಿದ್ದಾರೆ. ಪಕ್ಕದ ಮನೆ ನಾಗಿಯಂತೂ ಒಂದು ವಾರದಿಂದ ಹಾಕಿ ಪಂಡಿತೆ. ಎಲ್ಲರೂ ಓಡುವಾಗ ರೂಪಾ ಒಬ್ಬಳೇ ನಿಂತಿರುವುದನ್ನು ನೋಡಿ, "ಅವಳಿಗೆ ಓಡೂಕೆ ಬರೂದಿಲ್ಲ ಅಂತ ಅಲ್ಲಿ ನಿಲ್ಸಿದ್ರಾ?" ಎಂದು ಕೇಳಿದವಳು ಇವಳೇ. ಈಗ ಬಂದವರಿಗೆಲ್ಲ ಪೆನಾಲ್ಟಿ ಕಾರ್ನರ್ ಎಂದರೇನೆಂದು ವಿವರಿಸುತ್ತಾಳೆ, ಪೂರ್ತಿ ತಪ್ಪಾಗಿ. ನಾವೇ ಗೆಲ್ಲುತ್ತೇವೆ ಎಂದು ಇವರೆಲ್ಲ ಹೇಳುವುದನ್ನು ಕೇಳಿದರೆ ಸಂತೋಷವೂ ಆಗುತ್ತಿತ್ತು, ಓಡಿಹೋಗಬೇಕೆಂದೂ ಅನಿಸುತ್ತಿತ್ತು.

ಕೊನೆಗೆ ದಾರಿ ತೋರಿಸಿದವರು ಅತ್ತೆ. ಮೊಮ್ಮಗಳು "ಕಾಲಿಗೆ ಹಾಸಿಗೆ ಕಟ್ಕಂಡು" ಮೈದಾನದಲ್ಲಿ ಕುಣಿಯುವುದು ಅವರಿಗೆ ಎಂದೂ ಸೇರಿದ್ದಲ್ಲ. ಆದರೂ ನಿನ್ನೆ ಅವಳ ಹಾಸಿಗೆಯ ಪಕ್ಕ ಕೂತು, "ಗುಡಿ ಅಮ್ಮನ್ನ ಕೇಳಿ ನೋಡ್ವ. ಹೂ ಬಲಕ್ಕೆ ಬಿದ್ರೆ ಹೋಗು. ಎಡಕ್ಕೆ ಬಿದ್ರೆ ಮನೇಲೇ ಕೂತ್ಕ, ಮತ್ತೆ ಯಾರೂ ನಿಂಗೆ ಒಂದು ಮಾತು ಹೇಳೂಕಿಲ್ಲ" ಎಂದರು. ರೂಪಾ ಹೂಂ ಎಂದಳು.

ಅತ್ತೆಯ ಪ್ರಸಾದದ ನಂಬಿಕೆ ನಿಮಗೆ ನಾನು ಹೇಳಬೇಕೇ? ಅಮ್ಮನ ಮೈಗೆ ಹಚ್ಚಿದ ಹೂವಿನ ಎಸಳು ಬಲಕ್ಕೆ ಬೀಳದೆ ಅವರು ಈವರೆಗೆ ಒಂದು ಕರುವನ್ನೂ ಕೊಂಡವರಲ್ಲ. ನೀವು ಹರೆಯದಲ್ಲಿ ಬೈಕಿಗಾಗಿ ಉಪವಾಸ ಕೂತಾಗ ಎಡಕ್ಕೆ ಬಿತ್ತು, ನೀವು ಸೈಕಲ್ಲಿನಲ್ಲೇ ಅಂಕೋಲೆಗೆ ಹೋದಿರಿ. ನನ್ನ ಜಾತಕ ನಿಮ್ಮದಕ್ಕೆ ಕೂಡುವುದಿಲ್ಲವೆಂದು ಎರಡೂ ಕಡೆಯವರು ಎದ್ದುಹೋಗುವಾಗ, ಅತ್ತೆ ಒಬ್ಬರೇ ಗುಡಿಗೆ ಹೋಗಿ ಬಲಕ್ಕೆ ಬಿತ್ತೆಂದು ಬಂದರು, ನಾನು ಈ ಮನೆಯ ಸೊಸೆಯಾದೆ. ಆ ಹೂವಿನ ಮೇಲೆ ಮಾತಾಡುವ ಧೈರ್ಯ ನಮ್ಮಲ್ಲಿ ಯಾರಿಗಿದೆ!

ಇವತ್ತು ಬೆಳಿಗ್ಗೆ ಹೋದೆವು. ಊರಿನ ಅರ್ಧ ಹೆಂಗಸರು ಗುಡಿಯ ಅಂಗಳದಲ್ಲಿ ಕೂತಿದ್ದರು. ರೂಪಾ ತುಳಸಿಕಟ್ಟೆಗೆ ಒರಗಿ ನಿಂತಿದ್ದಳು. ಎರಡೂ ಪ್ಯಾಡುಗಳನ್ನು ಎದೆಗೆ ಅವುಚಿ ಹಿಡಿದಿದ್ದಳು. ಅತ್ತೆ ಮತ್ತು ನಾನು ಒಳಗೆ ಹೋದೆವು. ಪೂಜೆಯ ಗುನಗ ತುಳಸಿದಾಸಣ್ಣ ಎಸಳುಗಳನ್ನು ನೀರಿನಲ್ಲಿ ಅದ್ದಿ ಹಚ್ಚಿ, ನಮ್ಮ ಪರವಾಗಿ ಅಮ್ಮನನ್ನು ಕೇಳಿದರು. ನಾನು ಕಣ್ಣು ಮುಚ್ಚಿದ್ದೆ. ಸ್ವಲ್ಪ ಹೊತ್ತಿಗೆ ಅತ್ತೆ ಸೊಂಟನೋವನ್ನೂ ಮರೆತು ಹೊರಗೆ ಧಾವಿಸಿದರು. "ಬಲಕ್ಕೆ ಬಿತ್ತೂ! ಬಲಕ್ಕೇ ಬಿತ್ತು!" ಎಂದು ಅವರು ಕೂಗಿದ್ದು ಪೇಟೆಗೂ ಕೇಳಿರಬೇಕು.

ರೂಪಾಳ ಮುಖಕ್ಕೆ ಕಳೆ ಬಂದದ್ದನ್ನು ನೀವು ನೋಡಬೇಕಿತ್ತು. ಅವಳದ್ದು ಒಂದೇ ಪ್ರಶ್ನೆ: "ಯಾರ ಬಲಕ್ಕೆ ಅಜ್ಜಿ?" ಅತ್ತೆ ತಡವರಿಸಲಿಲ್ಲ. "ಅಮ್ಮನ ಬಲಕ್ಕೆ. ಅಮ್ಮ ಗರ್ಭಗುಡೀಲಿ ನಿಂತ ಹಂಗೇ ಅಲ್ವಾ ನೀ ಗೋಲಲ್ಲಿ ನಿಲ್ಲೂದು? ಹಂಗೇ ನಿಲ್ಲು." ಅಂಗಳ ತುಂಬ ನಗು. ಮನೆಗೆ ಬಂದವಳು ಎರಡು ಸಲ ಬಡಿಸಿಕೊಂಡು ಉಂಡಳು. ಈಗ ಹೊರಗೆ ಅಂಗಳದಲ್ಲಿ ಗೋಡೆಗೆ ಚೆಂಡು ಹೊಡೆಯುತ್ತಿದ್ದಾಳೆ. ಅತ್ತೆ ಮಾತ್ರ ಬೆಳಗಿನಿಂದ ಎಲೆಅಡಿಕೆಯ ಕವಳದ ಮೇಲೆ ಕವಳ ಹಾಕುತ್ತ ಕೂತಿದ್ದಾರೆ. ಉಳಿದದ್ದು ನಾಳೆಯ ಮೇಲೆ.


ಜನವರಿ ೨೦, ಸೋಮವಾರ

ಗೆದ್ದೆವು! ಗೆದ್ದೆವು ಕಣ್ರೀ!

ನಿನ್ನೆಯೇ ಬರೆಯಬೇಕೆಂದಿದ್ದೆ, ಕೂಗಿ ಕೂಗಿ ತಲೆ ಸಿಡಿಯುತ್ತಿತ್ತು. ಈಗಲೂ ನನ್ನ ಗಂಟಲು ಕಾಗೆಯದು. ಸಾಲಾಗಿ ಹೇಳುತ್ತೇನೆ, ತಾಳಿ.

ಬೆಳಿಗ್ಗೆ ಟೆಂಪೋ ಹೊರಟಿತು. ಪ್ರಸಾದ ಕೇಳಿದ ಮೇಲೆ ಆಟ ಮುಗಿಯುವ ತನಕ ಮೀನಿಲ್ಲ ಎಂದು ಅತ್ತೆ ಅಪ್ಪಣೆ ಮಾಡಿದ್ದರಿಂದ ಎಲ್ಲರ ಡಬ್ಬಿಯಲ್ಲೂ ಅವಲಕ್ಕಿ. ಹೌದು, ಅತ್ತೆಯೂ ಬಂದಿದ್ದರು. ಅಮದಳ್ಳಿ ದಾಟಿ ನಿಮ್ಮ ನೌಕಾನೆಲೆಯ ಗೋಡೆ ಬಂದಾಗ ರೂಪಾ ಎದ್ದುನಿಂತು ಸೆಲ್ಯೂಟ್ ಹೊಡೆದಳು. ನಿಮ್ಮ ಹಡಗು ಅಲ್ಲಿಲ್ಲ ಎಂದು ಅವಳಿಗೂ ಗೊತ್ತು. ಆದರೂ ಇಡೀ ಟೆಂಪೋ ಸೆಲ್ಯೂಟ್ ಹೊಡೆಯಿತು, ಗುಮಟೆಯವರೂ ಸೇರಿ.

ಮೈದಾನದಲ್ಲಿ ಆ ಹುಡುಗಿಯರನ್ನು ನೋಡಿ ನನ್ನ ಜೀವ ಅರ್ಧವಾಯಿತು. ಒಬ್ಬೊಬ್ಬಳೂ ನಮ್ಮವರಿಗಿಂತ ಒಂದು ಗೇಣು ಎತ್ತರ. ಆಟ ಶುರುವಾದದ್ದೇ ಚೆಂಡು ನಮ್ಮ ಗೋಲಿನ ಮುಂದೆಯೇ ಬಿಡಾರ ಹೂಡಿತು. ರೂಪಾ ಕಾಲಿನಿಂದ ತಡೆದಳು, ಕೈಯಿಂದ ತಡೆದಳು, ಒಮ್ಮೆ ಹೆಲ್ಮೆಟ್ಟಿನಿಂದಲೂ ತಡೆದಳು. ಆಗ ನನಗೊಂದು ವಿಷಯ ಕಂಡಿತು. ಅವರದ್ದು ನುಣುಪಾದ ಹಾಸಿನ ಮೇಲಿನ ಅಭ್ಯಾಸ. ಕಾರವಾರದ ಆ ಮಣ್ಣಿನಲ್ಲಿ ಚೆಂಡು ಪುಟಿದಾಗಲೆಲ್ಲ ಅವರ ಕೋಲು ಗಾಳಿಗೆ ಬೀಸುತ್ತಿತ್ತು. ನಮ್ಮವರಿಗೆ ಚೆಂಡು ಪುಟಿಯದಿದ್ದರೇ ಆಶ್ಚರ್ಯ. ಕೂಳೆಯ ಗದ್ದೆಯಲ್ಲಿ ಅದು ನೇರ ಹೋದದ್ದು ಯಾವಾಗ?

ಗೋಲು ಬಂದದ್ದೂ ಹಾಗೆಯೇ. ವಿರಾಮದ ನಂತರ ಚೆಂಡು ಅವರ ಗೋಲಿನ ಮುಂದೆ ಒಂದು ದಿಬ್ಬಕ್ಕೆ ತಾಗಿ ಟಣ್ಣನೆ ಎದ್ದಿತು. ಅವರ ಹುಡುಗಿ ಅವಸರದಲ್ಲಿ ಬೀಸಿದಳು, ಹೀರಾ ಮಾತ್ರ ಅದು ಇಳಿಯಲೆಂದು ಕಾದಳು. ಇಳಿದದ್ದೇ ಒಂದು ಬಡಿತ. ನಾಗಿ ನನ್ನನ್ನು ಎತ್ತಿಯೇ ಬಿಟ್ಟಳು, ನನ್ನ ತೂಕ ನಿಮಗೆ ಗೊತ್ತಲ್ಲ!

ಮುಗಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಅಂಪೈರ್ ಸೀಟಿ ಊದಿದರು. ನಮ್ಮವಳೊಬ್ಬಳು ಗೋಲಿಗೆ ಹೋಗುತ್ತಿದ್ದ ಚೆಂಡನ್ನು ಕಾಲಿನಿಂದ ತಡೆದಿದ್ದಳು. ಪೆನಾಲ್ಟಿ ಸ್ಟ್ರೋಕ್. ಹೊಡೆಯುವವಳು ಒಬ್ಬಳು, ತಡೆಯುವವಳು ಒಬ್ಬಳು, ನಡುವೆ ಯಾರೂ ಇಲ್ಲ. ಹೊಡೆಯಲು ಬಂದವಳು ಕಳೆದ ವರ್ಷ ರೂಪಾಳನ್ನು ಅಳಿಸಿದ ಆ ಉದ್ದ ಜಡೆಯವಳೇ. ನಮ್ಮವರೆಲ್ಲ ಆಗಲೂ ನಿಶ್ಚಿಂತೆ. "ಅಮ್ಮ ಕೊಟ್ಟಾಗದೆ, ಎಂತಕೆ ಹೆದರ್ತ್ರಿ?" ಎಂದು ನಾಗಿ ಅವಲಕ್ಕಿ ತಿನ್ನುತ್ತಿದ್ದಳು. ಅತ್ತೆ ಮಾತ್ರ ನನ್ನ ಕೈ ಹಿಡಿದರು ನೋಡಿ, ಆ ಬಿಗಿಗೆ ನನ್ನ ಎರಡು ಬಳೆ ಒಡೆದವು.

ರೂಪಾ ಗೆರೆಯ ಮೇಲೆ ನಿಂತಳು. ಕೈ ಅಗಲಿಸಿ, ನೇರವಾಗಿ, ಅತ್ತೆ ಹೇಳಿದ ಹಾಗೇ. ಜಡೆಯವಳು ಹೊಡೆದಳು. ನಮ್ಮ ಮಗಳು ತನ್ನ ಬಲಕ್ಕೆ ಹಾರಿ ಬಿದ್ದಳು, ಚೆಂಡು ಅವಳ ಕೈಗವಸಿಗೆ ತಾಗಿ ಹೊರಗೆ ಹೋಯಿತು. ಆಮೇಲೆ ಸೀಟಿ, ಗುಮಟೆ, ಕೂಗು, ಅಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ತಿಳಿಯದು. ಮಾಸ್ತರರು ಗಡ್ಡದ ಮೇಲೆ ಕಣ್ಣೀರು ಸುರಿಸುತ್ತ ಕೂತುಬಿಟ್ಟಿದ್ದರು. ಜಡೆಯ ಹುಡುಗಿ ತಾನಾಗಿ ಬಂದು ರೂಪಾಳನ್ನು ಅಪ್ಪಿಕೊಂಡಳು. ಒಳ್ಳೆಯ ಹುಡುಗಿ, ವರ್ಷವಿಡೀ ಅವಳಿಗೆ ಶಾಪ ಹಾಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಬರುವಾಗ ಟೆಂಪೋದಲ್ಲಿ ಕೇಳಿದೆ, ಚೆಂಡು ಆ ಕಡೆಗೇ ಬರುತ್ತದೆಂದು ಹೇಗೆ ತಿಳಿಯಿತು ಎಂದು. "ತಿಳೀಲೇ ಇಲ್ಲ ಅವ್ವಿ. ಹೂ ಬಲಕ್ಕೆ ಬಿದ್ದದ್ದು ಅಂತ ಅಜ್ಜಿ ಹೇಳಿದ್ಲಲ್ಲ, ನಾನೂ ಬಲಕ್ಕೆ ಬಿದ್ದೆ" ಎಂದಳು. ಅತ್ತೆ ಕಿಟಕಿಯ ಹೊರಗೆ ಸಮುದ್ರ ನೋಡುತ್ತಿದ್ದರು. ರಾತ್ರಿ ಮನೆಯಲ್ಲಿ ಬಂಗಡೆ ಹುರಿದೆವು. ಪ್ಯಾಡುಗಳು ಈಗ ಕೊಟ್ಟಿಗೆಯಲ್ಲಿಲ್ಲ, ಅವಳ ತಲೆದಿಂಬಿನ ಪಕ್ಕದಲ್ಲಿವೆ. ಕೋಳಿ ಬೇರೆ ಜಾಗ ಹುಡುಕಿಕೊಳ್ಳಬೇಕು.

ನೀವು ಇದ್ದಿದ್ದರೆ ಎಂದು ಎಷ್ಟು ಸಲ ಅನಿಸಿತೋ. ಬೇಗ ದಡಕ್ಕೆ ಬನ್ನಿ. ಮಗಳು ನಿಮ್ಮೆದುರು ಇನ್ನೊಮ್ಮೆ ಹಾರಿ ತೋರಿಸಲು ಕಾಯುತ್ತಿದ್ದಾಳೆ. ನಾನೂ ಕಾಯುತ್ತಿದ್ದೇನೆ, ಹಾರುವುದಿಲ್ಲ ಅಷ್ಟೆ.

ಗಂಟಲು ಕಳೆದುಕೊಂಡ,
ನಿಮ್ಮ ಜಯಶ್ರೀ

ತಾ.ಕ.: ಇದನ್ನು ಓದಿ ಹರಿದುಹಾಕಿ. ಗುಡಿಯಲ್ಲಿ ನಾನು ಕಣ್ಣು ಮುಚ್ಚಿರಲಿಲ್ಲ. ಹೂವು ಎಡಕ್ಕೆ ಬಿತ್ತು. ತುಳಸಿದಾಸಣ್ಣ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವರನ್ನು ಒಮ್ಮೆ ನೋಡಿದರು. ಗುನಗರು ದೀಪದ ಬತ್ತಿ ಸರಿಮಾಡತೊಡಗಿದರು. ಅತ್ತೆ ಬಾಗಿಲಾಚೆ ತುಳಸಿಕಟ್ಟೆಗೆ ಒರಗಿದ್ದ ರೂಪಾಳ ಮುಖ ನೋಡಿದರು, ಆಮೇಲೆ ಕೂಗುತ್ತ ಹೊರಗೆ ಓಡಿದರು. ಇವತ್ತು ಬೆಳಿಗ್ಗೆ ನಾವಿಬ್ಬರೂ ಹೋಗಿ ಅಮ್ಮನಿಗೆ ತಪ್ಪುಕಾಯಿ ಒಡೆದು ಬಂದೆವು. ದಾರಿಯಲ್ಲಿ ಬರುತ್ತ ನಾನು ಮೆಲ್ಲಗೆ ಕೇಳಿದೆ: "ಅತ್ತೆ, ನಮ್ಮ ಮದುವೆಗೆ ಹೂವು ಯಾವ ಕಡೆ ಬಿದ್ದಿತ್ತು?" ಎಮ್ಮೆಗೆ ಹುಲ್ಲು ಹಾಕಬೇಕೆಂದು ಹೇಳಿ ಅವರು ಬಿರಬಿರನೆ ಮುಂದೆ ನಡೆದುಬಿಟ್ಟರು.