ಕಾರ್ಕ್ ಊರಿನ ಚಮಚ

ಮೀರಾ ಮೆಸಾ, ಸ್ಯಾನ್ ಡಿಯಾಗೊ
೧೦ ಮಾರ್ಚ್ ೨೦೨೩

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಡಬ್ಲಿನ್ನಿನ ಚಳಿಗೆ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯ ತಾನೆ? ನಾವೆಲ್ಲ ಚೆನ್ನಾಗಿದ್ದೇವೆ.

ಒಂದು ವಿಷಯ ಹೇಳಬೇಕು, ಬೈಯಬೇಡ. ಹತ್ತು ವರ್ಷ ನಾವಿಬ್ಬರೇ ತೀರಿಹೋದವರ ಮನೆಸಾಮಾನು ಮಾರುವ ಎಸ್ಟೇಟ್ ಸೇಲ್ ಸುತ್ತಿ ಹಳೇ ಐರಿಷ್ ಬೆಳ್ಳಿ ಚಮಚ ಹುಡುಕಿದವರು. ನಿನಗೆ ಅಲ್ಲಿಗೆ ವರ್ಗವಾದಮೇಲೆ ಸೆರಿಟೋಸಿನ ಆರತಿ ನಿನ್ನ ಶಿಷ್ಯೆಯಾದಳು. ಅವಳು ಚಮಚದ ಫೋಟೋ ಕಳಿಸಿದರೆ ಐದು ನಿಮಿಷದಲ್ಲಿ ಉದ್ದುದ್ದ ಉತ್ತರ ಬರೆಯುತ್ತೀಯ; ನಾನು ಕಳಿಸಿದರೆ ಮಾರನೇ ದಿನ ಬರೀ ಒಂದು ಹೆಬ್ಬೆರಳು. ನಿನ್ನ ಉತ್ತರವನ್ನು ಅವಳು ನನಗೇ ಓದಿ ಹೇಳುವಾಗ ಹೊಟ್ಟೆ ಉರಿಯುತ್ತಿತ್ತು.

ಹೋದ ಶನಿವಾರ ಅವಳ ಕಾರಿನಲ್ಲಿ ಪ್ಯಾಸಡೀನಾದ ಒಂದು ಸೇಲಿಗೆ ಹೋಗಿದ್ದೆವು. ಫೋರ್ಕುಗಳ ರಾಶಿಯಿಂದ ಅವಳೊಂದು ಬಡಿಸುವ ಚಮಚ ಎತ್ತಿದಳು. ಐರಿಷ್ ಬೆಳ್ಳಿಯ ಮೇಲಿರುವ ಕಿರೀಟವಿಟ್ಟ ಹಾರ್ಪ್ ವಾದ್ಯದ ಮುದ್ರೆ ಇಲ್ಲ, ಕುಳಿತ ಹೆಂಗಸಿನದೂ ಇಲ್ಲ. ‘ಸ್ಟರ್ಲಿಂಗ್’ ಎಂಬ ಪದ, ಪಕ್ಕದಲ್ಲಿ ಮಾಡಿದವನ ಹೆಸರಿನ ಎರಡಕ್ಷರ, ಅಷ್ಟೇ. “ಆಂಟಿ, ಇದು ಇಲ್ಲೀದೇ ಅಲ್ವಾ?” ಎಂದಳು. ಚೂಪು ತುದಿಯ ಹಿಡಿ, ಮೇಲೆ ಮಿನುಗುವಂತೆ ಕೊರೆದ ಚಿತ್ತಾರ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಡಬ್ಲಿನ್ನಿಗೆ ಕಳಿಸಿ ಮುದ್ರೆ ಹಾಕಿಸುವ ಗೋಜು ಬೇಡವೆಂದು ಐರ್ಲೆಂಡಿನ ಕಾರ್ಕ್ ಊರಿನ ಅಕ್ಕಸಾಲಿಗರು ಇನ್ನೂರು ವರ್ಷದ ಹಿಂದೆ ಹೀಗೇ ಬರೀ ‘ಸ್ಟರ್ಲಿಂಗ್’ ಎಂದು ಒತ್ತುತ್ತಿದ್ದರೆಂದು ನೀನೇ ಕಲಿಸಿದ್ದೆ. “ಅಮೆರಿಕದ್ದೇ, ಬಿಡು” ಎಂದೆ. ಅವಳು ನಂಬಿ ಕೆಳಗಿಟ್ಟಳು. ಅವಳು ಕಾರಿನತ್ತ ಹೋದಮೇಲೆ ಅದನ್ನು ಕೊಂಡು ಬ್ಯಾಗಿನ ತಳಕ್ಕೆ ಸೇರಿಸಿದೆ.

ವಾಪಸು ಬರುವಾಗ ಅವಳೆಂದಳು: “ಊರ್ಮಿಳಾ ಆಂಟಿ ಬರ್ತ್‌ಡೇಗೆ ನಮ್ಮಿಬ್ಬರ ಹೆಸರಲ್ಲಿ ಒಂದು ಐರಿಷ್ ಚಮಚ ಕಳಿಸೋಣ ಅಂತಿದ್ದೆ. ಸಿಗಲೇ ಇಲ್ಲ.” ನಿನಗೆ, ನಮ್ಮಿಬ್ಬರ ಹೆಸರಲ್ಲಿ, ಅಕ್ಕಾ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮೂರು ದಿನ ಊಟ ಸೇರಲಿಲ್ಲ. ಬುಧವಾರ ಎರಡು ಗಂಟೆ ಡ್ರೈವ್ ಮಾಡಿಕೊಂಡು ಸೆರಿಟೋಸಿಗೆ ಹೋಗಿ, ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಚಮಚ ಇಟ್ಟು ನಡೆದದ್ದೆಲ್ಲ ಹೇಳಿಬಿಟ್ಟೆ. ಅವಳ ಮುಖ ಸಣ್ಣದಾಯಿತು. “ಬೇಕು ಅಂದಿದ್ರೆ ನಿಮಗೇ ಬಿಡ್ತಿದ್ನಲ್ಲ ಆಂಟಿ” ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಅವಳು ಭೂತಗನ್ನಡಿ ತಂದು ನನ್ನ ಕೈಗೆ ಕೊಟ್ಟು, ಇನ್ನಾದರೂ ಸರಿಯಾಗಿ ತೋರಿಸಿಕೊಡಿ ಎಂದಳು. ಸಂಜೆಯವರೆಗೂ ಕೂತು ತೋರಿಸಿದೆ. ಹುಡುಗಿ ಚುರುಕು, ಒಪ್ಪಿಕೊಳ್ಳಲೇಬೇಕು.

ಭಾವನವರಿಗೆ ನಮಸ್ಕಾರ. ಹುಟ್ಟುಹಬ್ಬಕ್ಕೆ ಪಾಯಸ ಮಾಡಿಕೊಂಡು ತಿನ್ನು, ಆರೋಗ್ಯ ನೋಡಿಕೋ.

ನಿನ್ನ ತಂಗಿ,
ಹರಿಣಿ

ಮರೆತಿದ್ದೆ: ಇನ್ನುಮೇಲೆ ಆರತಿ ಫೋಟೋ ಕಳಿಸಿದರೆ ನೀನು ಉತ್ತರ ಬರೆಯಬೇಡ. ಅವಳು ಮೊದಲು ನನ್ನನ್ನು ಕೇಳಲಿ.